ಜೆಟ್‌ನ ಗಂಟು ಬಿಚ್ಚಿ ನೋಡಿದರೆ

ಕಣಭೌತಶಾಸ್ತ್ರಕ್ಕೆ ಹೊಸದಾಗಿ ಸೇರುವ ಹುಡುಗರು ಜೆಟ್‌ನ (ಡಿಕ್ಕಿಯಿಂದ ಚಿಮ್ಮುವ ಕಣಗಳ ಗೊಂಚಲಿನ) ಚಿತ್ರ ಹಿಡಿದುಕೊಂಡು ಬಂದು "ಸರ್, ಇದರ ಅಂಚು ಎಲ್ಲಿ?" ಅಂತ ಕೇಳುತ್ತಾರೆ. ಅಂಚು ಅಂತ ಒಂದಿಲ್ಲ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ, 27 ಕಿ.ಮೀ. ಉಂಗುರದೊಳಗೆ ಪ್ರೋಟಾನ್‌ಗಳು ಡಿಕ್ಕಿ ಹೊಡೆದಾಗ ಚಿಮ್ಮುವ ಕ್ವಾರ್ಕ್ (ಪ್ರೋಟಾನ್‌ನೊಳಗಿನ ಮೂಲಕಣ) ಒಂಟಿಯಾಗಿ ಸಿಗುವುದೇ ಇಲ್ಲ. ಕವಲೊಡೆದು ಕವಲೊಡೆದು ಹತ್ತಾರು ಕಣಗಳ ಗೊಂಚಲಾಗಿ ಡಿಟೆಕ್ಟರ್‌ಗೆ ಬಡಿಯುತ್ತದೆ. ಆ ಗೊಂಚಲಿಗೆ ಬೇಲಿ ಹಾಕುವವರು ನಾವೇ. 2008ರಲ್ಲಿ ಬಂದ ಆಂಟಿ-ಕೆಟಿ ಎಂಬ, ಕಣಗಳನ್ನು ಗುಂಪುಮಾಡುವ ಲೆಕ್ಕದ ವಿಧಾನವೇ ಈಗ ಹೆಚ್ಚಿನವರ ಬೇಲಿ.

ತೊಂದರೆ ಶುರುವಾಗುವುದು ಡಬ್ಲ್ಯೂ ಬೋಸಾನ್ ಎಂಬ ಭಾರದ ಕಣ ಜೋರಾಗಿ ಓಡುವಾಗ. ಅದು ಎರಡು ಕ್ವಾರ್ಕ್ ಆಗಿ ಒಡೆದರೂ ಎರಡೂ ಒಂದೇ ಬೇಲಿಯೊಳಗೆ ಬೀಳುತ್ತವೆ. ಹೊರಗಿನಿಂದ ಅದು ಮಾಮೂಲಿ ಜೆಟ್. ತೂಕ ನೋಡಿದರೆ ಗೊತ್ತಾಗಬೇಕು, ಅಲ್ವಾ? ಡಬ್ಲ್ಯೂ ತೂಕ ಸುಮಾರು 80 ಜಿಇವಿ (ಕಣಗಳ ತೂಕ, ಶಕ್ತಿ ಅಳೆಯುವ ಮಾನ). ಆದರೆ ಅಕ್ಕಪಕ್ಕದ ಡಿಕ್ಕಿಗಳ ಕಸವೂ ಬೇಲಿಯೊಳಗೆ ನುಗ್ಗಿರುತ್ತದೆ.

ಅದಕ್ಕೇ ಗಂಟನ್ನು ಹಿಂದಿನಿಂದ ಬಿಚ್ಚುತ್ತೇವೆ. ಕಣಗಳನ್ನು ಹತ್ತಿರ ಇದ್ದವನ್ನು ಮೊದಲು ಸೇರಿಸುತ್ತಾ ಮತ್ತೆ ಕಟ್ಟಿ, ಕೊನೆಯ ಗಂಟಿನಿಂದ ಬಿಡಿಸುತ್ತಾ ಬರುವುದು. ಒಂದು ಲೆಕ್ಕ ನೋಡಿ. 502 ಜಿಇವಿ ಮೊಮೆಂಟಮ್‌ನ (ಓಟದ ರಭಸದ) ಜೆಟ್ ಮೊದಲ ಗಂಟಿನಲ್ಲಿ 490 ಮತ್ತು 12 ಆಗಿ ಬಿಡಿಸಿಕೊಂಡಿತು. ಚಿಕ್ಕದರ ಪಾಲು ಹತ್ತರಲ್ಲಿ ಒಂದಕ್ಕಿಂತ ಕಡಿಮೆ, ಎಸೆಯಿರಿ. 490 ಒಡೆದು 470 ಮತ್ತು 20. ಅದನ್ನೂ ಎಸೆಯಿರಿ. 470 ಒಡೆದು 310 ಮತ್ತು 160. ಇಲ್ಲಿ ನಿಲ್ಲಿ, ಇದು ನಿಜವಾದ ಕವಲು. 2014ರಲ್ಲಿ ಬಂದ ಈ ಉಪಾಯದ ಹೆಸರು ಸಾಫ್ಟ್ ಡ್ರಾಪ್. ಎಸೆದದ್ದು ಬರೀ 32 ಜಿಇವಿ, ಆದರೆ ಆ ಚಿಲ್ಲರೆ ತುಂಡುಗಳು ನಡುವಿನಿಂದ ದೂರ ಬಿದ್ದಿದ್ದರೆ ಜೆಟ್‌ನ ತೂಕ 115ರ ಆಸುಪಾಸಿನಿಂದ 80ಕ್ಕೆ ಇಳಿಯುತ್ತದೆ, ಯಾಕಂದ್ರೆ ತೂಕದ ಲೆಕ್ಕದಲ್ಲಿ ದೂರಕ್ಕೆ ಬೆಲೆ ಜಾಸ್ತಿ. ಇದನ್ನು ಮೊದಲ ಸಲ ಕೈಯಲ್ಲೇ ಲೆಕ್ಕ ಹಾಕಿದಾಗ ನನಗೇ ನಂಬಿಕೆ ಬಂದಿರಲಿಲ್ಲ.

ಹಾಗಂತ 80 ಬಂತು ಅಂತ ಸುಮ್ನೆ ಕುಣಿಯಬೇಡಿ. ಗ್ಲುವಾನ್ (ಕ್ವಾರ್ಕ್‌ಗಳನ್ನು ಅಂಟಿಸಿಡುವ ಕಣ) ಹುಟ್ಟಿಸಿದ ಜೆಟ್ ಕೂಡ ಆಗಾಗ ಹೀಗೇ ಎರಡು ಕವಲಾಗಿ ವೇಷ ಹಾಕುತ್ತದೆ, ಒಂದೇ ಜೆಟ್ ನೋಡಿ "ಇದು ಡಬ್ಲ್ಯೂ" ಅಂತ ಆಣೆ ಮಾಡಲು ಯಾರಿಂದಲೂ ಆಗುವುದಿಲ್ಲ. ನಾನು ಹುಡುಗರಿಗೆ ಮೊದಲು ಮಾಡಿಸುವ ಕೆಲಸ ಇಷ್ಟೆ: ಟಾಪ್ ಕ್ವಾರ್ಕ್ ಜೋಡಿ ಹುಟ್ಟಿದ ಡಿಕ್ಕಿಗಳನ್ನು ಆರಿಸಿ, ಟಾಪ್ ಒಡೆದಾಗ ಡಬ್ಲ್ಯೂ ಬರುವುದು ಹೆಚ್ಚುಕಡಿಮೆ ಖಚಿತ, ತೂಕದ ಗುಡ್ಡ (ಹೆಚ್ಚು ಜೆಟ್‌ಗಳು ಬಂದು ಸೇರುವ ತೂಕ) ಎಲ್ಲಿ ಏಳುತ್ತದೆ ನೋಡಿ. ಸಿಮ್ಯುಲೇಷನ್‌ನಲ್ಲಿ ಒಂದು ಕಡೆ, ಡೇಟಾದಲ್ಲಿ ಇನ್ನೊಂದು ಕಡೆ ಎದ್ದರೆ ಹೊಸ ಕಣ ಹುಡುಕುವ ಮಾತು ಆಮೇಲೆ. ಮೊದಲು ಅಳತೆ ಸರಿಮಾಡಿಕೊಂಡು ಬನ್ನಿ.