ಕಂಪ್ಯೂಟರಿನ ಪೈಥಾನ್ ಬೇರೆ, ನಿಮ್ಮ ಪೈಥಾನ್ ಬೇರೆ

ಒಂದು ರಾತ್ರಿ ಹತ್ತೂವರೆಗೆ ಚಿಕ್ಕಮ್ಮನ ಮಗ ಫೋನ್ ಮಾಡಿದ. ಇಂಜಿನಿಯರಿಂಗ್ ಓದುವ ಹುಡುಗ. "ಅಣ್ಣಾ, ಟರ್ಮಿನಲ್ ಓಪನ್ನೇ ಆಗ್ತಿಲ್ಲ. ಐಕಾನ್ ಒತ್ತಿದ್ರೆ ಒಂದು ಸಲ ತಿರುಗುತ್ತೆ, ಆಮೇಲೆ ಏನೂ ಇಲ್ಲ." ಏನು ಮಾಡಿದೆ ಅಂತ ಕೇಳಿದೆ. "ಏನೂ ಮಾಡಿಲ್ಲಣ್ಣ, ಪೈಥಾನ್ ಅಪ್‌ಗ್ರೇಡ್ ಮಾಡಿದೆ ಅಷ್ಟೇ."

ಅಷ್ಟು ಕೇಳಿದ್ದೇ ನನಗೆ ಎಲ್ಲ ಗೊತ್ತಾಯಿತು. (ಪೈಥಾನ್ ಅಂದರೆ ಪ್ರೋಗ್ರಾಮ್ ಬರೆಯುವ ಒಂದು ಭಾಷೆ, ಟರ್ಮಿನಲ್ ಅಂದರೆ ಕಂಪ್ಯೂಟರಿಗೆ ಕಮಾಂಡ್ ಟೈಪ್ ಮಾಡುವ ಕಿಟಕಿ.)

ಅವನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಉಬುಂಟು 22.04, ಲಿನಕ್ಸ್ ಕುಟುಂಬದ ಒಂದು ಆಪರೇಟಿಂಗ್ ಸಿಸ್ಟಮ್. ಅದರ ಜೊತೆಗೇ ಪೈಥಾನ್ 3.10 ಬರುತ್ತದೆ. ಅವನಿಗೆ ಬೇಕಾಗಿದ್ದು 3.11. ಆಸೆ ಪಟ್ಟಿದ್ದರಲ್ಲಿ ತಪ್ಪೇನೂ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಬಂದ 3.11, ಹಿಂದಿನದಕ್ಕಿಂತ ಸರಾಸರಿ 1.25 ಪಟ್ಟು ವೇಗ ಅಂತ ಪೈಥಾನ್ ತಂಡವೇ ಹೇಳಿದೆ. ಕೋಡ್ ಎಲ್ಲಿ ಕೆಟ್ಟಿದೆ ಅನ್ನುವುದನ್ನು ಸಾಲಿನೊಳಗಿನ ಆ ಜಾಗಕ್ಕೇ ಗುರುತು ಹಾಕಿ ತೋರಿಸುತ್ತದೆ. ಕಲಿಯುವವರಿಗೆ ಇದು ದೊಡ್ಡ ಉಪಕಾರ. ಡೆಡ್‌ಸ್ನೇಕ್ಸ್ ಎಂಬ ರೆಪೊಸಿಟರಿಯಿಂದ (ಪ್ರೋಗ್ರಾಮುಗಳನ್ನು ಇಟ್ಟಿರುವ ಆನ್‌ಲೈನ್ ಉಗ್ರಾಣ) ಅವನು 3.11 ಹಾಕಿಕೊಂಡ. ಇಲ್ಲಿಯವರೆಗೂ ಎಲ್ಲ ಸರಿಯಾಗಿಯೇ ಇತ್ತು.

ಆದರೆ 'ಪೈಥಾನ್3' ಅಂತ ಟೈಪ್ ಮಾಡಿದರೆ ಇನ್ನೂ ಹಳೆಯದೇ ಬರುತ್ತಿತ್ತು. ಅದಕ್ಕೆ ಎಲ್ಲೋ ನೋಡಿದ ಒಂದು ಸಾಲಿನ ಕಮಾಂಡ್ ಹಾಕಿ ಆ ಹೆಸರನ್ನು 3.11ರ ಕಡೆ ತಿರುಗಿಸಿಬಿಟ್ಟ.

ಈ 'ಪೈಥಾನ್3' ಅನ್ನುವುದು ಉಬುಂಟುವಿನಲ್ಲಿ ಪ್ರೋಗ್ರಾಮ್ ಅಲ್ಲ, ದಾರಿ ತೋರಿಸುವ ಬೋರ್ಡು. 'ನಿಜವಾದದ್ದು 3.10, ಅಲ್ಲಿಗೆ ಹೋಗಿ' ಅಂತ ಹೇಳುತ್ತದೆ. ಆ ಬೋರ್ಡನ್ನು ನೋಡಿಕೊಂಡು ಹೋಗುವವರು ನಾವು ನೀವು ಮಾತ್ರ ಅಲ್ಲ. ತಾನಾಗಿಯೇ ಸೆಕ್ಯುರಿಟಿ ಅಪ್‌ಡೇಟ್ ಹಾಕುವ ಪ್ರೋಗ್ರಾಮ್, ಹೊಸ ರೆಪೊಸಿಟರಿ ಸೇರಿಸುವ ಪ್ರೋಗ್ರಾಮ್, ತಪ್ಪು ಕಮಾಂಡ್ ಹೊಡೆದಾಗ 'ಇದು ಬೇಕಿತ್ತಾ?' ಅಂತ ಸೂಚಿಸುವ ಪ್ರೋಗ್ರಾಮ್, ಇವೆಲ್ಲ ಬರೆದಿರುವುದೇ ಪೈಥಾನ್‌ನಲ್ಲಿ. ಟರ್ಮಿನಲ್ ಕಿಟಕಿ ಸಿ ಭಾಷೆಯದ್ದೇ, ಆದರೆ ಅದನ್ನು ಶುರು ಮಾಡಲು ಉಬುಂಟು ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್ ಇಟ್ಟಿದೆ. ಆ ಸ್ಕ್ರಿಪ್ಟಿನ ಮೊದಲ ಸಾಲೇ 'ನನ್ನನ್ನು ಪೈಥಾನ್3ರಿಂದ ಓಡಿಸಿ' ಅನ್ನುತ್ತದೆ.

ಸರಿ, 3.10ಕ್ಕೆ ಬರೆದದ್ದು 3.11ರಲ್ಲಿ ಯಾಕೆ ಓಡಬಾರದು? ಎರಡೂ ಪೈಥಾನೇ ಅಲ್ವಾ? ಸ್ಕ್ರಿಪ್ಟಿನ ಅಕ್ಷರಗಳಿಗೆ ನಿಜಕ್ಕೂ ಏನೂ ತೊಂದರೆ ಇಲ್ಲ. ತೊಂದರೆ ಇರುವುದು ಅದು ಕರೆದುಕೊಳ್ಳುವ ಲೈಬ್ರರಿಯಲ್ಲಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನಲ್ಲಿ. ಟರ್ಮಿನಲ್ ಸ್ಕ್ರಿಪ್ಟಿಗೆ 'ಜಿಐ' ಎಂಬ ಲೈಬ್ರರಿ ಬೇಕು. ಅದರ ಒಂದು ತುಂಡು ಸಿ ಭಾಷೆಯಲ್ಲಿ ಬರೆದು ಮೊದಲೇ ಕಂಪೈಲ್ ಮಾಡಿಟ್ಟ (ಯಂತ್ರದ ಭಾಷೆಗೆ ಬದಲಾಯಿಸಿಟ್ಟ) ಫೈಲು. ಫೋಲ್ಡರ್ ತೆಗೆದು ನೋಡಿದರೆ ಆ ಫೈಲಿನ ಹೆಸರಿನ ನಡುವೆಯೇ 'ಸಿಪೈಥಾನ್-310' ಅಂತ ಇರುತ್ತದೆ. ಅಂದರೆ ಇದು 3.10ಕ್ಕೆ ಮಾತ್ರ. ಮನೆಯಲ್ಲಿ ಎರಡು ಕುಕ್ಕರ್ ಇದ್ದರೆ ಗೊತ್ತಿರುತ್ತದೆ, ಒಂದರ ಗ್ಯಾಸ್ಕೆಟ್ ಇನ್ನೊಂದಕ್ಕೆ ಕೂರೋದಿಲ್ಲ. ನೋಡೋಕೆ ಒಂದೇ ಥರ, ಆದರೆ ಅಳತೆ ಬೇರೆ. ಪೈಥಾನ್ ತನ್ನ ಒಳಗೆ ವಸ್ತುಗಳನ್ನು ಮೆಮೊರಿಯಲ್ಲಿ ಜೋಡಿಸುವ ರೀತಿ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಸಿ ತುಂಡು ಆ ಜೋಡಣೆಯನ್ನೇ ನಂಬಿಕೊಂಡಿರುತ್ತದೆ. ಹಾಗಾಗಿ 3.11 ಆ ಹೆಸರನ್ನು ನೋಡಿ ಫೈಲನ್ನು ಮುಟ್ಟುವುದೇ ಇಲ್ಲ. 'ಲೈಬ್ರರಿ ಸಿಗಲಿಲ್ಲ' ಅಂತ ಅಲ್ಲೇ ನಿಂತುಬಿಡುತ್ತದೆ. ಆ ಸಂದೇಶವನ್ನು ತೋರಿಸೋಕೆ ಟರ್ಮಿನಲ್ಲಾದರೂ ತೆರೆದಿರಬೇಕಲ್ಲ, ಅದಕ್ಕೇ ಹುಡುಗನಿಗೆ ಏನೂ ಕಾಣಲಿಲ್ಲ.

ಫೋನಿನಲ್ಲೇ ಹೇಳಿದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತು. ಕಪ್ಪು ಪರದೆ ಬರುತ್ತದೆ, ಹೆದರಬೇಡ, ಲಾಗಿನ್ ಆಗು. ಬೋರ್ಡನ್ನು ಮತ್ತೆ 3.10ರ ಕಡೆ ತಿರುಗಿಸುವ ಕಮಾಂಡನ್ನು ಒಂದೊಂದೇ ಅಕ್ಷರ ಹೇಳಿ ಬರೆಸಿದೆ. ಎರಡು ನಿಮಿಷ. "ಬಂತಣ್ಣ!"

ಅವನು ಹಳೆಯದನ್ನು ತೆಗೆದುಹಾಕಿರಲಿಲ್ಲ, ಅದೇ ಪುಣ್ಯ. ಉಬುಂಟುವಿನಲ್ಲಿ ಪೈಥಾನ್3 ತೆಗೆಯೋಕೆ ಹೋದರೆ, ಅದರ ಜೊತೆ ಏನೇನು ಹೋಗುತ್ತದೆ ಅಂತ ಒಂದು ಉದ್ದ ಪಟ್ಟಿ ಬರುತ್ತದೆ, ಡೆಸ್ಕ್‌ಟಾಪ್ ಕೂಡ ಅದರಲ್ಲಿ ಇರುತ್ತದೆ. ದಯವಿಟ್ಟು ಆ ಪಟ್ಟಿ ಓದದೆ ವೈ ಒತ್ತಬೇಡಿ.

ಇದು ಇವತ್ತಿನ ಸಮಸ್ಯೆ ಏನಲ್ಲ. ರೆಡ್ ಹ್ಯಾಟ್ ಲಿನಕ್ಸ್‌ನಲ್ಲಿ ಪ್ಯಾಕೇಜ್ ಹಾಕುವ 'ಯಮ್' ಪೈಥಾನ್ 2ರಲ್ಲಿ ಬರೆದದ್ದಾಗಿತ್ತು. ಪೈಥಾನ್ ಬದಲಾಯಿಸಿದರೆ ಯಮ್ ಕೆಡುತ್ತಿತ್ತು, ಸರಿ ಮಾಡೋಕೆ ಏನಾದರೂ ಹಾಕಬೇಕು ಅಂದರೆ ಯಮ್ಮೇ ಬೇಕಾಗುತ್ತಿತ್ತು. ಕೊನೆಗೆ 2019ರ ಎಂಟನೇ ಆವೃತ್ತಿಯಲ್ಲಿ ಅವರು ಸಿಸ್ಟಮ್ಮಿಗೆ ಅಂತಲೇ ಬೇರೆ ಪೈಥಾನ್ ಒಂದನ್ನು ಒಳಗೆಲ್ಲೋ ಇಟ್ಟು, ಬಳಸುವವರಿಗೆ ಬೇರೆ ಕೊಟ್ಟರು. ನನಗೆ ಇದೇ ಸರಿಯಾದ ದಾರಿ ಅನಿಸುತ್ತದೆ. ಆಪಲ್ ಹಿಡಿದ ದಾರಿ ಇನ್ನೊಂದು. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೇ ಮುಗಿದಿತ್ತು, ಮ್ಯಾಕ್‌ಗಳಲ್ಲಿ ಮಾತ್ರ 2.7 ಇನ್ನೂ ಕೂತಿತ್ತು. 2022ರ ಮಾರ್ಚಿನಲ್ಲಿ ಮ್ಯಾಕ್‌ಒಎಸ್ 12.3 ಬಂದಾಗ ಅದನ್ನು ತೆಗೆದೇಬಿಟ್ಟರು.

"ಹಳೇದು ಇಟ್ಕೊಂಡ್ರೆ ಸೆಕ್ಯುರಿಟಿ ಗತಿ ಏನು?" ಅಂತ ತುಂಬಾ ಜನ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಉಬುಂಟು 22.04ರಲ್ಲಿ ನಂಬರ್ 3.10.12ಕ್ಕೆ ನಿಂತಿರುತ್ತದೆ, ಆದರೆ ಹೊಸದಾಗಿ ಸಿಕ್ಕ ಸೆಕ್ಯುರಿಟಿ ತೂತುಗಳ ತೇಪೆಯನ್ನು ಉಬುಂಟುವಿನವರೇ ಅದೇ ಆವೃತ್ತಿಗೆ ಹಾಕಿ ಕಳಿಸುತ್ತಿರುತ್ತಾರೆ. ಮಾಮೂಲಿ ಅಪ್‌ಡೇಟ್‌ಗಳನ್ನು ಹಾಕಿಕೊಳ್ಳುತ್ತಿದ್ದರೆ ಸಾಕು.

ಪೈಥಾನ್ ಲೈಬ್ರರಿಗಳನ್ನು ಹಾಕಿಕೊಡುವ ಪಿಪ್ ಎಂಬ ಸಾಧನದ ವಿಷಯದಲ್ಲೂ ಹುಷಾರಾಗಿರಬೇಕು. ಸುಡೋ ಹಾಕಿ, ಅಂದರೆ ಅಡ್ಮಿನ್ ಅಧಿಕಾರದಲ್ಲಿ, ಪಿಪ್‌ನಿಂದ ಲೈಬ್ರರಿ ಹಾಕಿದರೆ ಅದು ಕೂರುವ ಫೋಲ್ಡರನ್ನು ಪೈಥಾನ್ ಮೊದಲು ನೋಡುತ್ತದೆ, ಸಿಸ್ಟಮ್ ಕೊಟ್ಟ ಫೋಲ್ಡರನ್ನು ಆಮೇಲೆ. ನಿಮ್ಮ ಪ್ರಾಜೆಕ್ಟಿಗೆ ಅಂತ ಹಾಕಿದ ಹೊಸ ಲೈಬ್ರರಿಯನ್ನು ಸಿಸ್ಟಮ್ಮಿನ ಪ್ರೋಗ್ರಾಮೂ ಎತ್ತಿಕೊಂಡು ಎಡವುತ್ತದೆ. ಉಬುಂಟುವಿಗೆ ಮೂಲವಾದ ಡೆಬಿಯನ್ ಲಿನಕ್ಸ್‌ನಲ್ಲಿ, 2023ರಲ್ಲಿ ಬಂದ 12ನೇ ಆವೃತ್ತಿಯಿಂದ ಇದನ್ನು ತಡೆದಿದ್ದಾರೆ, ಪಿಪ್ ಎರರ್ ಕೊಟ್ಟು ನಿಲ್ಲುತ್ತದೆ. ಆ ತಡೆಯನ್ನು ದಾಟೋಕೆ ಒಂದು ಆಯ್ಕೆ ಇದೆ, ಅದರ ಹೆಸರೇ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್'. ಇಷ್ಟು ಸ್ಪಷ್ಟವಾಗಿ ಹೆಸರಿಟ್ಟಿದ್ದರೂ ಜನ ಅದನ್ನೇ ಕಾಪಿ ಮಾಡಿ ಹಾಕುವುದು ನೋಡಿದರೆ ಬೇಜಾರಾಗುತ್ತದೆ.

ಹೊಸದು ಬೇಕಾದರೆ ಹಳೆಯದರ ಪಕ್ಕದಲ್ಲಿ ಇಟ್ಟುಕೊಳ್ಳಿ. 'ಪೈಥಾನ್3.11' ಅಂತ ಪೂರ್ತಿ ಹೆಸರಿನಿಂದ ಕರೆಯಿರಿ. ಸೋರ್ಸಿನಿಂದ, ಅಂದರೆ ಪೈಥಾನಿನ ಮೂಲ ಕೋಡಿನಿಂದ ತಾವೇ ಕಟ್ಟುವವರು 'ಮೇಕ್ ಇನ್‌ಸ್ಟಾಲ್' ಬದಲು 'ಮೇಕ್ ಆಲ್ಟ್‌ಇನ್‌ಸ್ಟಾಲ್' ಅನ್ನಿ, ಅದು 'ಪೈಥಾನ್3' ಅನ್ನುವ ಹೆಸರಿಗೆ ಕೈ ಹಾಕುವುದಿಲ್ಲ. ಪೈಎನ್ವ್, ಯುವಿ ಥರದ ಸಾಧನಗಳಿದ್ದರೆ ಬೇರೆ ಬೇರೆ ಆವೃತ್ತಿಗಳನ್ನು ನಿಮ್ಮ ಹೋಮ್ ಫೋಲ್ಡರಿನಲ್ಲೇ ಇಟ್ಟುಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯ, ಪ್ರಾಜೆಕ್ಟಿಗೊಂದು ವೆನ್ವ್, ಅಂದರೆ ಆ ಪ್ರಾಜೆಕ್ಟಿನ ಪೈಥಾನ್ ಮತ್ತು ಲೈಬ್ರರಿಗಳಿಗೇ ಮೀಸಲಾದ ಫೋಲ್ಡರ್. 2012ರ ಪೈಥಾನ್ 3.3ರಿಂದ ಇದು ಪೈಥಾನ್ ಜೊತೆಗೇ ಬರುತ್ತದೆ. ಉಬುಂಟುವಿನಲ್ಲಿ ಮಾತ್ರ ಅದರ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಹೊಸಬರು ಜಾಸ್ತಿ ಸಿಕ್ಕಿಕೊಳ್ಳುವುದು ಇಲ್ಲೇ. ವೆನ್ವ್ ಒಳಗೆ 'ಪೈಥಾನ್' ಅಂದರೆ ನೀವು ಆರಿಸಿದ ಆವೃತ್ತಿ. ಕೆಟ್ಟರೆ ಆ ಫೋಲ್ಡರ್ ಅಳಿಸಿ ಇನ್ನೊಂದು ಮಾಡಿಕೊಳ್ಳಬಹುದು, ಟರ್ಮಿನಲ್ಲಿಗೆ ಅದು ಗೊತ್ತೂ ಆಗುವುದಿಲ್ಲ.

ಚಿಕ್ಕಮ್ಮನ ಮಗ ಆಮೇಲೆ ಹಾಗೇ ಮಾಡಿಕೊಂಡ. ಒಂದು ಪ್ರಾಜೆಕ್ಟ್ 3.11ರಲ್ಲಿ, ಇನ್ನೊಂದು 3.13ರಲ್ಲಿ ಓಡುತ್ತಿದೆ. ಹೊರಗೆ ಬಂದು 'ಪೈಥಾನ್3' ಅಂತ ಹೊಡೆದರೆ ಈಗಲೂ 3.10.12 ಅಂತಲೇ ಬರುತ್ತದೆ.