ಕಾಗೆ ಕೂತ ಟೊಂಗೆ, ಗರ್ಭಿಣಿ ನುಂಗಿದ ಮಾತ್ರೆ

ಬಸುರಿಯಾದವಳು ಅಲರ್ಜಿಯಿಂದ ಬರುವ ಸೀನು, ತುರಿಕೆ, ಮೂಗುಕಟ್ಟುವಿಕೆಯಂಥ ‘ಸಣ್ಣಪುಟ್ಟ’ ತೊಂದರೆಗಳಿಗೆ ಮಾತ್ರೆ ನುಂಗದೆ ಹೇಗೋ ಸಹಿಸಿಕೊಳ್ಳಬೇಕು ಎಂದು ಹೇಳುವವರು ಸದುದ್ದೇಶದಿಂದಲೇ ಹಾಗೆ ಹೇಳುತ್ತಾರೆ. ಆದರೆ ಔಷಧವನ್ನು ಬಿಟ್ಟ ಕ್ಷಣಕ್ಕೆ ಅಪಾಯವೂ ಬಿಟ್ಟುಹೋಗುತ್ತದೆ ಎಂಬ ಲೆಕ್ಕವೊಂದು ಆ ಮಾತಿನಲ್ಲಿ ಅಡಗಿದೆ, ಮತ್ತು ಆ ಲೆಕ್ಕ ತಪ್ಪು. ಅಲರ್ಜಿಯಿಂದ ಕೆರಳಿದ ಆಸ್ತಮಾ ಹತೋಟಿ ತಪ್ಪಿದರೆ ತಾಯಿಯ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಹೊಟ್ಟೆಯಲ್ಲಿರುವ ಮಗುವಿಗೆ ಆಮ್ಲಜನಕ ಸಿಗುವುದು ಆ ರಕ್ತದಿಂದಲೇ. ಹತೋಟಿಯಿಲ್ಲದ ಆಸ್ತಮಾ ಇರುವವರಲ್ಲಿ ಅವಧಿಗೆ ಮುನ್ನ ಹೆರಿಗೆಯಾಗುವುದು, ಮಗುವಿನ ತೂಕ ಕಡಿಮೆಯಾಗುವುದು, ತಾಯಿಯ ರಕ್ತದೊತ್ತಡ ಏರುವುದು ಹೆಚ್ಚು.

ಹಾಗೆಂದು ಮಾತ್ರೆಯ ಭಯ ಆಧಾರವಿಲ್ಲದ್ದಲ್ಲ. 1957ರಲ್ಲಿ ಜರ್ಮನಿಯ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಎಂಬ ನಿದ್ರಾಜನಕವನ್ನು ಹಲವು ದೇಶಗಳಲ್ಲಿ ಬಸುರಿಯರ ವಾಕರಿಕೆಗೂ ಕೊಡಲಾಯಿತು. 1961ರ ಕೊನೆಗೆ ಅದನ್ನು ಹಿಂದೆಗೆದುಕೊಳ್ಳುವ ಹೊತ್ತಿಗೆ ಕೈಕಾಲು ಸರಿಯಾಗಿ ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ದರು. ಇದರಿಂದ ಜನ ಕಲಿತದ್ದು ‘ಔಷಧ ಭ್ರೂಣವನ್ನು ಕೆಡಿಸುತ್ತದೆ’ ಎಂಬ ಅರ್ಧ ಪಾಠವನ್ನು ಮಾತ್ರ. ಆ ಒಂದು ಔಷಧವು ಗರ್ಭ ನಿಂತು ಸುಮಾರು 20ನೆಯ ದಿನದಿಂದ 36ನೆಯ ದಿನದವರೆಗಿನ, ಅಂಗಗಳು ಮೊಳೆಯುವ ಕಿರಿದಾದ ಅವಧಿಯಲ್ಲಿ ಅಂಥ ಹಾನಿ ಮಾಡಿತು ಎಂಬ ಉಳಿದರ್ಧವನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಥಾಲಿಡೊಮೈಡ್ ಸಿಕ್ಕಿಬಿದ್ದ ಬಗೆಯಲ್ಲೇ ಈ ವಿಷಯದ ತಿರುಳಿದೆ. ಅದು ಉಂಟುಮಾಡಿದ ದೋಷ ಎಷ್ಟು ಅಪರೂಪದ್ದೆಂದರೆ, ಬಿಳಿ ಬಟ್ಟೆಯ ಮೇಲೆ ಬಿದ್ದ ಮಸಿಯಂತೆ ಕಣ್ಣಿಗೆ ಹೊಡೆಯಿತು. ಆದರೆ ಹೆಚ್ಚಿನ ಜನ್ಮದೋಷಗಳು ಹಾಗಲ್ಲ. ಯಾವ ಔಷಧವನ್ನೂ ಮುಟ್ಟದ ತಾಯಂದಿರಿಗೆ ಹುಟ್ಟುವ ನೂರು ಶಿಶುಗಳಲ್ಲಿಯೂ ಸರಿಸುಮಾರು ಮೂರಕ್ಕೆ ಗಮನಾರ್ಹವಾದ ಯಾವುದಾದರೊಂದು ರಚನಾದೋಷ ಇರುತ್ತದೆ. ಇದು ಮೊದಲೇ ಚುಕ್ಕೆಗಳಿರುವ ಸೀರೆ, ಇದರ ಮೇಲೆ ಹೊಸದೊಂದು ಚುಕ್ಕೆ ಬಿದ್ದಿದೆಯೇ ಎಂದು ಬರಿಗಣ್ಣಿನಿಂದ ಹೇಳಲಾಗದು. ಒಂದು ಲಕ್ಷ ಗರ್ಭಿಣಿಯರಿಗೆ ಸುಣ್ಣದಪುಡಿಯ ಮಾತ್ರೆ ಕೊಟ್ಟರೂ ಸುಮಾರು ಮೂರು ಸಾವಿರ ತಾಯಂದಿರು ದೋಷವಿರುವ ಮಗುವನ್ನು ಎತ್ತಿಕೊಂಡು, ತಾವು ಅಂದು ನುಂಗಿದ ಮಾತ್ರೆಯನ್ನು ನೆನೆದು ಕೊರಗುತ್ತಾರೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಹಾಗೆ. ಕಾಗೆಯೇ ಟೊಂಗೆ ಮುರಿಯಿತೆನ್ನಬೇಕಾದರೆ ಕಾಗೆ ಕೂರದ ಟೊಂಗೆಗಳು ಎಷ್ಟು ಮುರಿದವು ಎಂದೂ ಎಣಿಸಬೇಕು. ಇನ್ನೂ ಒಂದು ತೊಡಕಿದೆ: ಒಂದೇ ಔಷಧವನ್ನು ಇಪ್ಪತ್ತು ಬಗೆಯ ದೋಷಗಳ ಜೊತೆ ತಾಳೆ ನೋಡುತ್ತ ಹೋದರೆ, ದಾಳವನ್ನು ಮತ್ತೆ ಮತ್ತೆ ಉರುಳಿಸಿದವನಿಗೆ ಎಂದಾದರೊಮ್ಮೆ ಸತತವಾಗಿ ಆರು ಬೀಳುವಂತೆ, ಯಾವುದೋ ಒಂದು ದೋಷ ಬರೀ ಆಕಸ್ಮಿಕವಾಗಿ ಹೆಚ್ಚಾಗಿ ಕಂಡೀತು.

ಲೊರಾಟಡಿನ್ ಎಂಬ ಅಲರ್ಜಿ ಮಾತ್ರೆಗೆ ಇಂಥದೇ ಗತಿ ಬಂದಿತ್ತು. ಅದನ್ನು ತೆಗೆದುಕೊಂಡ ತಾಯಂದಿರ ಗಂಡುಮಕ್ಕಳಲ್ಲಿ ಮೂತ್ರದ್ವಾರ ತುದಿಯಲ್ಲಿರದೆ ಕೆಳಬದಿಯಲ್ಲಿ ತೆರೆದುಕೊಳ್ಳುವ ದೋಷ ನಿರೀಕ್ಷೆಗಿಂತ ಹೆಚ್ಚಿದೆ ಎಂದು ಸ್ವೀಡನ್ನಿನ ಜನನ ದಾಖಲೆಗಳು ಸೂಚಿಸಿದವು. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಅದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಾಗ ಆ ಸಂಬಂಧ ಕಾಣಲಿಲ್ಲ. ಮೊದಲ ಸುದ್ದಿ ಜನರ ಕಿವಿಗೆ ಬಿದ್ದಷ್ಟು ಬೇಗ ಎರಡನೆಯದು ಬೀಳುವುದಿಲ್ಲ.

ಇದಕ್ಕಿಂತ ಬೋಧಪ್ರದವಾದದ್ದು ಬೆಂಡೆಕ್ಟಿನ್ ಪ್ರಸಂಗ. ಬಸುರಿಯರ ವಾಂತಿಗೆ ಕೊಡುತ್ತಿದ್ದ ಈ ಮಾತ್ರೆಯಲ್ಲಿದ್ದ ಡಾಕ್ಸಿಲಮೀನ್, ಅಲರ್ಜಿಗೆ ಬಳಸುವ ಹಳೆಯ ತಲೆಮಾರಿನ ಆಂಟಿಹಿಸ್ಟಮಿನ್‌ಗಳ ಗುಂಪಿಗೇ ಸೇರಿದ್ದು. ಅದರ ಜೊತೆಗಿದ್ದದ್ದು ಬಿ6 ವಿಟಮಿನ್. ಅದರಿಂದ ಮಕ್ಕಳಿಗೆ ದೋಷ ಬಂತೆಂದು ಅಮೆರಿಕದಲ್ಲಿ ಮೊಕದ್ದಮೆಗಳ ಸುರಿಮಳೆಯಾಗಿ, 1983ರಲ್ಲಿ ತಯಾರಕರು ಮಾತ್ರೆಯನ್ನೇ ನಿಲ್ಲಿಸಿಬಿಟ್ಟರು. ಮಾತ್ರೆ ತಪ್ಪಿತಸ್ಥನಾಗಿದ್ದರೆ ಅದು ಹೋದ ಮೇಲೆ ದೋಷಗಳು ಇಳಿಯಬೇಕಿತ್ತು, ಇಳಿಯಲಿಲ್ಲ. ವಾಂತಿ ತಡೆಯಲಾರದೆ ಆಸ್ಪತ್ರೆ ಸೇರುವ ಗರ್ಭಿಣಿಯರ ಸಂಖ್ಯೆ ಮಾತ್ರ ಏರಿತು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಈ ಕೆಲಸವನ್ನು ಸರಿಪಡಿಸಲು ಮೂವತ್ತು ವರ್ಷ ಬೇಕಾಯಿತು: 2013ರಲ್ಲಿ ಅದೇ ಎರಡು ಅಂಶಗಳ ಮಾತ್ರೆಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಮತ್ತೆ ಅನುಮತಿ ಕೊಟ್ಟಿತು.

ಈ ಬಗೆಯ ಎಣಿಕೆಗಳ ಬಲದಿಂದಲೇ ವೈದ್ಯರು ಇಂದು ಅಲರ್ಜಿ ಮಾತ್ರೆಗಳಾದ ಸೆಟಿರಿಜಿನ್, ಲೊರಾಟಡಿನ್, ಹಳೆಯದಾದ ಕ್ಲೋರ್‌ಫೆನಿರಮಿನ್‌ಗಳನ್ನು ಅಗತ್ಯವಿದ್ದಾಗ ಗರ್ಭಿಣಿಯರಿಗೆ ಬರೆದುಕೊಡುತ್ತಾರೆ. ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್‌ಗಳಲ್ಲಿ ಬುಡೆಸೊನೈಡ್‌ನ ಬಗ್ಗೆ ಸಾಕಷ್ಟು ಅನುಭವ ಸಂಗ್ರಹವಾಗಿದೆ. ಸ್ಟೀರಾಯ್ಡ್ ಎಂಬ ಹೆಸರಿಗೇ ಬೆಚ್ಚುವವರು ಗಮನಿಸಬೇಕಾದದ್ದೆಂದರೆ, ಸಿಂಪಡಿಸಿದ್ದರಲ್ಲಿ ರಕ್ತಕ್ಕೆ ಸೇರುವ ಪ್ರಮಾಣ ತೀರ ಸ್ವಲ್ಪ. ಆದರೆ ಅಲರ್ಜಿಗೆಂದು ಮಾರುವುದೆಲ್ಲವೂ ಒಂದೇ ಅಲ್ಲ. ಕಟ್ಟಿದ ಮೂಗನ್ನು ಬಿಡಿಸುವ ಸ್ಯೂಡೊಎಫೆಡ್ರಿನ್ ಕೆಲಸ ಮಾಡುವುದೇ ರಕ್ತನಾಳಗಳನ್ನು ಕುಗ್ಗಿಸಿ, ಆದ್ದರಿಂದ ಮೊದಲ ಮೂರು ತಿಂಗಳಲ್ಲಿ ಅದನ್ನು ದೂರವಿಡಲು ಹೇಳುತ್ತಾರೆ. ಇಂಥ ಔಷಧ ಆಂಟಿಹಿಸ್ಟಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಬೆರೆತು ಬರುವುದರಿಂದ, ಪಟ್ಟಿಯ ಹಿಂಬದಿಯಲ್ಲಿರುವ ಸಣ್ಣಕ್ಷರಗಳನ್ನು ಓದದೆ ನುಂಗುವುದು ಸಲ್ಲದು. ಹೈಡ್ರಾಕ್ಸಿಜಿನ್ ಎಂಬ ಆಂಟಿಹಿಸ್ಟಮಿನ್ನನ್ನೂ ಬಸುರಿನ ಆರಂಭದಲ್ಲಿ ಬಳಸುವುದಿಲ್ಲ. ಅಲರ್ಜಿ ತರುವ ವಸ್ತುವಿಗೆ ದೇಹವನ್ನು ನಿಧಾನವಾಗಿ ಒಗ್ಗಿಸುವ ಚುಚ್ಚುಮದ್ದಿನ ಸರಣಿಯನ್ನು ಈ ಅವಧಿಯಲ್ಲಿ ಹೊಸದಾಗಿ ಆರಂಭಿಸುವುದಿಲ್ಲ, ಮೊದಲೇ ಒಗ್ಗಿದ್ದರೆ ಅದೇ ಪ್ರಮಾಣದಲ್ಲಿ ಮುಂದುವರಿಸುವುದುಂಟು.

ಕಟ್ಟಿದ ಮೂಗೆಲ್ಲ ಅಲರ್ಜಿಯೂ ಅಲ್ಲ. ಅಲರ್ಜಿಯ ಲವಲೇಶವೂ ಇಲ್ಲದೆ, ಬಸುರಿನಲ್ಲಿ ಮಾತ್ರ ವಾರಗಟ್ಟಲೆ ಮೂಗು ಕಟ್ಟಿಕೊಂಡು ಹೆರಿಗೆಯಾದ ಎರಡು ವಾರಗಳೊಳಗೆ ತಾನಾಗಿ ಬಿಡುವ ಸ್ಥಿತಿಯೊಂದಿದೆ. ಅದಕ್ಕೆ ಆಂಟಿಹಿಸ್ಟಮಿನ್ ನಾಟುವುದಿಲ್ಲ, ಉಪ್ಪುನೀರಿನಿಂದ ಮೂಗು ತೊಳೆದುಕೊಂಡರೆ ಅಷ್ಟಿಷ್ಟು ಹಗುರಾಗುತ್ತದೆ. ಇದಕ್ಕೆ ನೇರ ವಿರುದ್ಧವಾದ ತುದಿಯಲ್ಲಿರುವುದು ಗಂಟಲು ಊದಿ, ರಕ್ತದೊತ್ತಡ ಕುಸಿಯುವ ತೀವ್ರ ಅಲರ್ಜಿ. ಅಲ್ಲಿ ತಾಯಿಯ ರಕ್ತದೊತ್ತಡ ಬಿದ್ದಷ್ಟೂ ಮಗುವಿಗೆ ತಲುಪುವ ಆಮ್ಲಜನಕ ಬೀಳುವುದರಿಂದ, ಗರ್ಭಿಣಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಬೇರೆ ಯಾರಿಗಾದರೂ ಕೊಡುವಷ್ಟೇ ತ್ವರೆಯಿಂದ ತೊಡೆಗೆ ಅಡ್ರಿನಲಿನ್ ಚುಚ್ಚಬೇಕು.