ಒದ್ದೆ ಕಾಲಿನಿಂದ ಹುಟ್ಟಿದ ಕಂಪನಿ: ಎಲ್.ಎಲ್. ಬೀನ್ ಮತ್ತು ಗ್ಯಾರಂಟಿಯ ಲೆಕ್ಕ

ವಾಣಿಜ್ಯ ವಿದ್ಯಾರ್ಥಿಗಳು ಓದುವ ಚಿಲ್ಲರೆ ವ್ಯಾಪಾರದ ವಿಷಯದಲ್ಲಿ ‘ಮಾರಾಟೋತ್ತರ ಸೇವೆ’ ಎಂಬ ಭಾಗ ಬಂದಾಗ ನಮ್ಮಲ್ಲಿ ಬಹಳ ಮಂದಿ ನಾಲ್ಕು ಸಾಲಿನ ವ್ಯಾಖ್ಯಾನ ಬಾಯಿಪಾಠ ಮಾಡಿ ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತಾರೆ. ಹಾಗೆ ಕಲಿತದ್ದು ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಅದರ ಬದಲು ಒಂದೇ ಒಂದು ಕಂಪನಿಯನ್ನು ಹಿಡಿದು, ಅದು ಗ್ಯಾರಂಟಿ ಕೊಟ್ಟದ್ದು ಹೇಗೆ, ಆ ಗ್ಯಾರಂಟಿಯಿಂದ ಬೆಳೆದದ್ದು ಹೇಗೆ, ಕೊನೆಗೆ ಅದನ್ನೇ ಮೊಟಕುಗೊಳಿಸಿದ್ದು ಏಕೆ ಎಂದು ನೋಡೋಣ.

ನಾನು ಆರಿಸಿಕೊಂಡದ್ದು ಅಮೆರಿಕದ ಎಲ್.ಎಲ್. ಬೀನ್. ಬೇಟೆ, ಮೀನುಗಾರಿಕೆ, ಚಾರಣಕ್ಕೆ ಹೋಗುವವರಿಗೆ ಬಟ್ಟೆ, ಬೂಟು, ಚೀಲ ಮಾರುವ ಕಂಪನಿ ಇದು. ನಮ್ಮಲ್ಲಿ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಅಲ್ಲಿ ಅದು ಪರವಾನಗಿ ಪಡೆದು ಮಾಡುವ ಹವ್ಯಾಸ. ಈ ವ್ಯತ್ಯಾಸ ನೆನಪಿರಲಿ, ಏಕೆಂದರೆ ಆ ಪರವಾನಗಿಯೇ ಇಡೀ ಕತೆಯ ಕೀಲಿ. ಇನ್ನು ಕಂಪನಿ ಶುರುವಾಗಲು ಕಾರಣವಾದ ಸಮಸ್ಯೆಯನ್ನು ಶಿರಸಿ, ಸಿದ್ದಾಪುರದ ಕಡೆಯವರಿಗೆ ವಿವರಿಸಬೇಕಾಗಿಯೇ ಇಲ್ಲ. ಜುಲೈನಲ್ಲಿ ಅಡಿಕೆ ತೋಟಕ್ಕೆ ಇಳಿಯುವವರ ತಲೆಗೆ ಕಂಬಳಿ ಕೊಪ್ಪೆಯಿದೆ. ಕಾಲಿಗೆ ಏನಿದೆ? ಚರ್ಮದ ಪಾದರಕ್ಷೆ ನೀರು ಕುಡಿದು ಭಾರವಾಗಿ, ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಗಂಬೂಟು ಹಾಕಿದರೆ ಹೊರಗಿನ ನೀರು ಬರುವುದಿಲ್ಲ, ಆದರೆ ಒಳಗಿನ ಬೆವರಿನಲ್ಲೇ ಕಾಲು ನೆನೆಯುತ್ತದೆ.

ಚರ್ಮ ಮತ್ತು ರಬ್ಬರ್ ಕೂಡುವ ಜಾಗ

ಲಿಯಾನ್ ಲಿಯಾನ್‌ವುಡ್ ಬೀನ್ ಹುಟ್ಟಿದ್ದು 1872ರಲ್ಲಿ, ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯದಲ್ಲಿ. ಕಾಡು, ಜೌಗು ನೆಲ, ಹಿಮ, ಇವೇ ಆ ರಾಜ್ಯದ ಗುರುತು. ಹನ್ನೆರಡನೆಯ ವಯಸ್ಸಿಗೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗ ಸಂಬಂಧಿಕರ ಆಸರೆಯಲ್ಲಿ ಬೆಳೆದ. ಮುಂದೆ ಸಹೋದರನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದ. ಓದು ಕಡಿಮೆ, ಕಾಡಿನ ಹುಚ್ಚು ಹೆಚ್ಚು. ಸುಮಾರು 1911ರಲ್ಲಿ ಬೇಟೆಯಿಂದ ಒದ್ದೆಯಾದ, ಸೆಟೆದುಹೋದ ಕಾಲುಗಳೊಂದಿಗೆ ಮರಳಿದವನು ಒಂದು ಉಪಾಯ ಮಾಡಿದ. ಬೂಟಿನ ಮೇಲೆ ಹಾಕಿಕೊಳ್ಳುವ ರಬ್ಬರ್ ಜೋಡಿನ ತಳಭಾಗಕ್ಕೆ ಹಗುರವಾದ ಚರ್ಮದ ಮೇಲ್ಭಾಗವನ್ನು ಊರಿನ ಚಮ್ಮಾರನಿಂದ ಹೊಲಿಸಿದ. ನೀರು ತಾಗುವ ಪಾದದ ಮಟ್ಟದಲ್ಲಿ ರಬ್ಬರ್. ಗಾಳಿಯಾಡಬೇಕಾದ ಕಣಕಾಲಿನ ಮೇಲೆ ಚರ್ಮ. ಎರಡರ ಗುಣವೂ ಬೇಕು, ಎರಡರ ದೋಷವೂ ಬೇಡ ಎಂಬ ಲೆಕ್ಕಾಚಾರ.

ಲೆಕ್ಕಾಚಾರ ಸರಿಯಿತ್ತು, ಹೊಲಿಗೆ ಸರಿಯಿರಲಿಲ್ಲ. 1912ರಲ್ಲಿ ಮಾರಿದ ಮೊದಲ ನೂರು ಜೊತೆಗಳಲ್ಲಿ ತೊಂಬತ್ತು ವಾಪಸ್ ಬಂದವು. ಸೂಜಿ ತೂರಿದ ರಂಧ್ರಗಳ ಸಾಲಿನಲ್ಲಿ, ಚರ್ಮದ ಎಳೆತವನ್ನು ತಡೆಯಲಾರದೆ ಮೃದುವಾದ ರಬ್ಬರ್ ಹರಿದಿತ್ತು. ನಡೆಯುವಾಗ ಬೂಟು ಅತಿ ಹೆಚ್ಚು ಬಾಗುವುದು ಪಾದ ಮತ್ತು ಕಣಕಾಲು ಕೂಡುವ ಆ ಮಡಿಕೆಯ ಆಸುಪಾಸಿನಲ್ಲೇ. ಎರಡು ಬೇರೆ ಬೇರೆ ವಸ್ತುಗಳನ್ನು ಜೋಡಿಸಿದಲ್ಲಿ ಸೋಲು ಮೊದಲು ಕಾಣುವುದು ಜೋಡಣೆಯಲ್ಲಿ. ಇದು ಬೂಟಿಗಷ್ಟೇ ಅಲ್ಲ, ರೇನ್‌ಕೋಟಿನ ಕಂಕುಳ ಹೊಲಿಗೆಗೂ ಅನ್ವಯಿಸುವ ಮಾತು.

ಬೀನ್ ಎಲ್ಲರಿಗೂ ಹಣ ಹಿಂದಿರುಗಿಸಿದ. ಜೊತೆಯೊಂದಕ್ಕೆ 3.50 ಡಾಲರ್ ಬೆಲೆ. ಅಂದರೆ ತೊಂಬತ್ತಕ್ಕೆ 315 ಡಾಲರ್. ಅಂದಿನ ಕಾಲಕ್ಕೆ ಸಣ್ಣ ಊರಿನ ವ್ಯಾಪಾರಿಯ ಬೆನ್ನು ಮುರಿಯುವ ಮೊತ್ತ. ಆಮೇಲೆ ಸಾಲ ಮಾಡಿ, ರಬ್ಬರ್ ಕಂಪನಿಯೊಂದನ್ನು ಒಪ್ಪಿಸಿ ಗಟ್ಟಿಯಾದ ತಳ ಮಾಡಿಸಿಕೊಂಡ, ಮತ್ತೆ ಮಾರಾಟಕ್ಕೆ ಇಳಿದ.

ಹೆಸರುಗಳ ಪಟ್ಟಿ

ಈ ಕಂಪನಿಯ ಕತೆ ಹೇಳುವವರೆಲ್ಲ ತೊಂಬತ್ತು ಜೊತೆ ವಾಪಸ್ ಬಂದ ಪ್ರಸಂಗಕ್ಕೆ ಬಂದು ನಿಲ್ಲುತ್ತಾರೆ. ಅದು ಮನಸ್ಸಿಗೆ ನಾಟುವ ಪ್ರಸಂಗ ನಿಜ. ಆದರೆ ವಾಣಿಜ್ಯದ ವಿದ್ಯಾರ್ಥಿ ಗಮನಿಸಬೇಕಾದದ್ದು ಅದಕ್ಕೂ ಮೊದಲಿನ ಹೆಜ್ಜೆಯನ್ನು. ಆ ನೂರು ಜನ ಯಾರು? ಅವರ ವಿಳಾಸ ಬೀನ್‌ಗೆ ಸಿಕ್ಕಿದ್ದು ಹೇಗೆ?

ಮೇನ್ ರಾಜ್ಯದಲ್ಲಿ ಬೇಟೆಯಾಡಲು ಹೊರರಾಜ್ಯದವರು ಪರವಾನಗಿ ತೆಗೆದುಕೊಳ್ಳಬೇಕಿತ್ತು. ಹಾಗೆ ತೆಗೆದುಕೊಂಡವರ ಪಟ್ಟಿಯನ್ನು ಬೀನ್ ಸಂಪಾದಿಸಿ ಅವರಿಗೆ ಮಾತ್ರ ಅಂಚೆಯಲ್ಲಿ ಒಂದು ಹಾಳೆ ಕಳಿಸಿದ. ಕಾಲಿಗೆ ಸರಿಯಾದ ಜೋಡಿಲ್ಲದೆ ಬೇಟೆಯಲ್ಲಿ ಯಶಸ್ಸು ನಿರೀಕ್ಷಿಸಬೇಡಿ, ಇದನ್ನು ವಿನ್ಯಾಸ ಮಾಡಿದವನು ಸ್ವತಃ ಈ ಕಾಡಿನಲ್ಲಿ ವರ್ಷಗಟ್ಟಲೆ ಅಲೆದ ಬೇಟೆಗಾರ, ಎಲ್ಲ ರೀತಿಯಲ್ಲೂ ತೃಪ್ತಿ ಕೊಡುತ್ತದೆಂದು ಗ್ಯಾರಂಟಿ ಕೊಡುತ್ತೇವೆ ಎಂಬುದು ಆ ಹಾಳೆಯ ತಿರುಳು.

ಆ ಪಟ್ಟಿ ಎಷ್ಟು ಕೆಲಸ ಮಾಡಿತು ನೋಡಿ. ಹೊರಗಿನಿಂದ ಬಂದು ಬೇಟೆಯಾಡುವವರು ಕೈಯಲ್ಲಿ ಕಾಸಿದ್ದವರು. ಪರವಾನಗಿಗೆ ದುಡ್ಡು ಕಟ್ಟಿದ್ದರಿಂದ ಕಾಡಿಗೆ ಹೋಗುವುದು ಖಚಿತ. ಮೇನ್ ಕಾಡಿನ ಕೆಸರಿಗೆ ಹೊಂದುವ ಬೂಟು ಅವರ ಊರಿನ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಪಠ್ಯಪುಸ್ತಕದಲ್ಲಿ ‘ಮಾರುಕಟ್ಟೆ ವಿಭಜನೆ’ ಎಂದು ಓದುತ್ತೇವಲ್ಲ, ವಯಸ್ಸು, ಆದಾಯ, ವಾಸಸ್ಥಳ, ಅಭಿರುಚಿ ಎಂದು? ಅದರಲ್ಲಿ ವಯಸ್ಸೊಂದನ್ನು ಬಿಟ್ಟು ಉಳಿದ ಮೂರನ್ನೂ ಸರಕಾರದ ಒಂದು ದಾಖಲೆ ಒಂದೇ ಏಟಿಗೆ ಜರಡಿ ಹಿಡಿದು ಕೊಟ್ಟಿತ್ತು.

ಇದನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹಚ್ಚಿ ಯೋಚಿಸಿ. ಯಾಣಕ್ಕೆ, ದಾಂಡೇಲಿಗೆ, ಗೋಕರ್ಣದ ಕಡಲತೀರದ ಚಾರಣಕ್ಕೆ ಬೆಂಗಳೂರು, ಹುಬ್ಬಳ್ಳಿ, ಗೋವಾದಿಂದ ಬರುವವರಲ್ಲಿ ಮಳೆಗಾಲದ ಸರಿಯಾದ ಉಡುಪು ಇರುವವರು ಕಡಿಮೆ. ಉಂಬಳ ಹತ್ತಿದ ಮೇಲೆಯೇ ಉದ್ದ ಕಾಲುಚೀಲದ ನೆನಪಾಗುವುದು. ಅವರಿಗೆ ಹೊರಡುವ ಮುನ್ನವೇ ಸರಕು ತಲುಪಿಸುವ ವ್ಯಾಪಾರಕ್ಕೆ ಇಲ್ಲಿ ಅವಕಾಶವಿದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆದರೆ ಬೀನ್ ಮಾಡಿದಂತೆ ಯಾವುದೋ ಪಟ್ಟಿ ಎತ್ತಿಕೊಂಡು ಪತ್ರ ಬರೆಯುವ ಹಾಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯದಂತೆ ಇಂಥ ಬಳಕೆಗೆ ಆ ವ್ಯಕ್ತಿಯ ಸಮ್ಮತಿ ಬೇಕು.

ಪಟ್ಟಿಯ ಜೊತೆಗೆ ಅಂಚೆಯೂ ಬೀನ್‌ನ ಕೈ ಹಿಡಿಯಿತು. ಅಲ್ಲಿಯವರೆಗೆ ಅಮೆರಿಕದ ದೇಶೀಯ ಅಂಚೆಯಲ್ಲಿ ನಾಲ್ಕು ಪೌಂಡ್‌ಗಿಂತ ಭಾರದ ಕಟ್ಟನ್ನು ಕಳಿಸುವಂತಿರಲಿಲ್ಲ. ಹೆಚ್ಚಿನ ತೂಕಕ್ಕೆ ಖಾಸಗಿ ಸಾಗಣೆದಾರರೇ ಗತಿ, ಅವರು ಹೇಳಿದ್ದೇ ದರ. 1913ರ ಜನವರಿ 1ರಂದು ಅಲ್ಲಿನ ಸರಕಾರ ಪಾರ್ಸೆಲ್ ಅಂಚೆ ಆರಂಭಿಸಿ ಮಿತಿಯನ್ನು ಹನ್ನೊಂದು ಪೌಂಡ್‌ಗೆ ಏರಿಸಿತು. ಬೂಟಿನ ಜೊತೆಯೊಂದು ಸಲೀಸಾಗಿ ಹಿಡಿಯುವ ತೂಕ. ಫ್ರೀಪೋರ್ಟ್ ಎಂಬ ಸಣ್ಣ ಊರಿನಲ್ಲಿ ಕುಳಿತು ದೇಶಕ್ಕೆಲ್ಲ ಮಾರುವುದು ಅಲ್ಲಿಂದ ಸುಲಭವಾಯಿತು. ಬೀನ್‌ನ ಕೆಲಸದ ಮನೆ ಅಂಚೆ ಕಚೇರಿಯ ಮೇಲಂತಸ್ತಿನಲ್ಲಿತ್ತು. ಅಲ್ಲಿನ ಪೋಸ್ಟ್‌ಮಾಸ್ಟರ್ ಅವನ ಸಹೋದರ ಗೈ. ನಮ್ಮ ಹಿರಿಯರು ವಿ.ಪಿ.ಪಿ. (ಕಟ್ಟು ಕೈಸೇರಿದಾಗ ಅಂಚೆಯವನಿಗೇ ಹಣ ಕೊಡುವ ಪದ್ಧತಿ) ಮೂಲಕ ಪುಸ್ತಕ, ಔಷಧ ತರಿಸಿಕೊಳ್ಳುತ್ತಿದ್ದ ಕಾಲವನ್ನು ಮನೆಯಲ್ಲಿ ಕೇಳಿದ್ದರೆ ಅಂಚೆ ವ್ಯಾಪಾರದ ಸ್ವರೂಪ ಬೇಗ ಅರ್ಥವಾಗುತ್ತದೆ. ಕೊಳ್ಳುವವನು ಸರಕನ್ನು ಮುಟ್ಟಿ ನೋಡಿರುವುದಿಲ್ಲ. ಅವನ ಹಿಂಜರಿಕೆಯನ್ನು ಹೋಗಲಾಡಿಸುವುದಕ್ಕೆ ಮಾರುವವನ ಬಳಿ ಇರುವುದು ಲಿಖಿತ ಮಾತೊಂದೇ. ಹಾಗಾಗಿ ಬೀನ್‌ನ ಗ್ಯಾರಂಟಿ ಬರೀ ಒಳ್ಳೆಯತನವಲ್ಲ, ಅಂಚೆ ವ್ಯಾಪಾರದ ಅಗತ್ಯವೂ ಆಗಿತ್ತು. ಸರಕು ಸವೆದು ಮುಗಿದು, ಆಗಲೂ ಗಿರಾಕಿ ತೃಪ್ತನಾಗಿರುವವರೆಗೆ ಮಾರಾಟ ಪೂರ್ಣವಾಯಿತೆಂದು ನಾನು ಭಾವಿಸುವುದಿಲ್ಲ ಎಂಬ ಅರ್ಥದ ಸೂಚನೆಯನ್ನೂ ಅವನು ಮುಂದೆ ಅಚ್ಚು ಹಾಕಿಸಿದ.

ಮಧ್ಯದ ವರ್ಷಗಳು, ಬೇಗ ಬೇಗ

ಬೂಟಿನ ಬೆನ್ನಿಗೆ ಬೇಟೆಗಾರರ ಕೋಟು, ದಪ್ಪ ಹತ್ತಿಯ ಷರ್ಟು, ಡೇರೆಯ ಸಾಮಾನು ಸೇರಿಕೊಂಡವು. 1944ರಲ್ಲಿ ಮಂಜುಗಡ್ಡೆ ಹೊರಲು ಮಾಡಿದ ಕ್ಯಾನ್ವಾಸ್ ಚೀಲ ಮುಂದೆ ಎಲ್ಲರ ಕೈಚೀಲವಾಯಿತು. ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಳಗಿನ ಜಾವ ಬಾಗಿಲು ಬಡಿಯುವ ಬೇಟೆಗಾರರಿಗಾಗಿ 1951ರಿಂದ ಫ್ರೀಪೋರ್ಟ್ ಅಂಗಡಿ ದಿನದ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರತೊಡಗಿತು. 1954ರಲ್ಲಿ ಮಹಿಳೆಯರ ವಿಭಾಗ ಬಂತು. ಆದರೆ ಸ್ಥಾಪಕನಿಗೆ ವಯಸ್ಸಾದಂತೆ ವ್ಯಾಪಾರವೂ ಮಂಕಾಯಿತು. 1967ರಲ್ಲಿ 94ರ ಹರೆಯದಲ್ಲಿ ಬೀನ್ ತೀರಿಕೊಂಡಾಗ ಮೊಮ್ಮಗ ಲಿಯಾನ್ ಗೋರ್ಮನ್ ಅಧ್ಯಕ್ಷನಾದ. ಆಗ ವರ್ಷದ ಮಾರಾಟ ಐವತ್ತು ಲಕ್ಷ ಡಾಲರ್ ಕೂಡ ಮುಟ್ಟಿರಲಿಲ್ಲ. 2001ರಲ್ಲಿ ಅವನು ಅಧ್ಯಕ್ಷಗಿರಿ ಬಿಟ್ಟಾಗ ಅದು ನೂರು ಕೋಟಿ ಡಾಲರ್ ದಾಟಿತ್ತು. ವಿಳಾಸಗಳ ಗಣಕೀಕರಣ, ಉಚಿತ ದೂರವಾಣಿ ಕರೆ, 1995ರ ಅಂತರಜಾಲ ತಾಣ, ಜಪಾನಿನ ಅಂಗಡಿಗಳು, ಇವೆಲ್ಲ ಅವನ ಅವಧಿಯವು. ಪರೀಕ್ಷೆಗೆ ಇಷ್ಟು ಸಾಕು.

2018ರ ತಿರುವು

2018ರ ಫೆಬ್ರವರಿಯಲ್ಲಿ ಕಂಪನಿ ತನ್ನ ಮಿತಿಯಿಲ್ಲದ ವಾಪಸಾತಿಯನ್ನು ನಿಲ್ಲಿಸಿತು. ಇನ್ನು ಮುಂದೆ ಒಂದು ವರ್ಷದೊಳಗೆ, ಖರೀದಿಯ ದಾಖಲೆ ಇದ್ದರೆ ಮಾತ್ರ. ಅದರ ನಂತರ ತಯಾರಿಕೆಯ ದೋಷವಿದ್ದರೆ ಪರಿಶೀಲಿಸಲಾಗುವುದು. ಆಗಿನ ಅಧ್ಯಕ್ಷ, ಸ್ಥಾಪಕನ ಮರಿಮಗ ಷಾನ್ ಗೋರ್ಮನ್ ಗಿರಾಕಿಗಳಿಗೆ ಪತ್ರ ಬರೆದು ಕಾರಣ ಹೇಳಿದ: ಹಳೆಯ ಸಾಮಾನು ಮಾರುವಲ್ಲಿ ಕೊಂಡದ್ದನ್ನು ತಂದು ಹಣ ಕೇಳುವವರು, ವರ್ಷಗಟ್ಟಲೆ ಬಳಸಿ ಸವೆಸಿ ಹೊಸದು ಕೇಳುವವರು ಹೆಚ್ಚಾಗಿದ್ದಾರೆ ಎಂದು. ಹಾಗೆ ಬಂದು ಎಸೆಯಬೇಕಾದ ಸರಕಿನಿಂದ ಐದು ವರ್ಷದಲ್ಲಿ ಸುಮಾರು 25 ಕೋಟಿ ಡಾಲರ್ ನಷ್ಟವಾಗಿದೆ ಎಂದು ಕಂಪನಿ ಲೆಕ್ಕ ಕೊಟ್ಟಿತು.

‘ದುರಾಸೆಯ ಗಿರಾಕಿಗಳು ಕೆಡಿಸಿದರು’ ಎಂದು ಒಂದು ಸಾಲಿನಲ್ಲಿ ಉತ್ತರ ಬರೆದು ಮುಗಿಸಬೇಡಿ. 1912ರಲ್ಲಿ ಗ್ಯಾರಂಟಿ ಪಡೆದವನು ಪಟ್ಟಿಯಲ್ಲಿ ಹೆಸರಿದ್ದ ಮನುಷ್ಯ. ಅವನು ಎಲ್ಲಿಯವನು, ಯಾವಾಗ ಕೊಂಡ, ಎಲ್ಲಿ ಬಳಸಿದ ಎಂಬುದು ಬೀನ್‌ಗೆ ಗೊತ್ತಿತ್ತು. ಬೂಟು ವಾಪಸ್ ಬಂದರೆ ಅದರ ಜೊತೆ ಒಂದು ಮಾಹಿತಿಯೂ ಬರುತ್ತಿತ್ತು: ಇಲ್ಲಿ ಹೊಲಿಗೆ ಬಿಟ್ಟಿದೆ, ಇದನ್ನು ಸರಿಪಡಿಸು. ವಾಪಸಾತಿಗೆ ತೆತ್ತ ಹಣ ಸಂಶೋಧನೆಗೆ ತೆತ್ತ ಹಣವೂ ಆಗಿತ್ತು. ನೂರು ವರ್ಷದ ನಂತರ ಗ್ಯಾರಂಟಿ ಮನುಷ್ಯನನ್ನು ಬಿಟ್ಟು ವಸ್ತುವಿಗೆ ಅಂಟಿಕೊಂಡಿತ್ತು. ಯಾರು ತಂದರೂ ಸರಿ, ಎಲ್ಲಿಂದ ತಂದರೂ ಸರಿ. ಇಪ್ಪತ್ತು ವರ್ಷ ಉಟ್ಟು ಹರಿದ ಷರ್ಟು ಕಂಪನಿಗೆ ಹೊಸದೇನನ್ನೂ ಕಲಿಸುವುದಿಲ್ಲ.

ಕಾಲಮಿತಿ ಹಾಕಿದ್ದು ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಪ್ರಾಮಾಣಿಕ ಹಳೆಯ ಗಿರಾಕಿಗಳಿಗೆ ಇದರಿಂದ ನೋವಾದದ್ದೂ ನಿಜ, ಅದನ್ನು ಉತ್ತರದಲ್ಲಿ ಬರೆಯಲೇಬೇಕು. ಕೆಲವರು ನ್ಯಾಯಾಲಯಕ್ಕೂ ಹೋದರು. ಅಂದಹಾಗೆ, ಮೂಲದ ಆ ಬೂಟನ್ನು ಈಗಲೂ ಮೇನ್ ರಾಜ್ಯದಲ್ಲೇ ತಯಾರಿಸುತ್ತಾರೆ. ತಳ ಸವೆದರೆ ಶುಲ್ಕ ತೆಗೆದುಕೊಂಡು ಹೊಸ ರಬ್ಬರ್ ತಳ ಹೊಲಿದು ಕೊಡುವ ವ್ಯವಸ್ಥೆಯೂ ಇದೆ. ದುರಸ್ತಿಯಾಗುವ ವಸ್ತುವಿಗೆ ದೀರ್ಘ ಭರವಸೆ ಕೊಡಬಹುದು. ದುರಸ್ತಿಯಾಗದ್ದಕ್ಕೆ ಕೊಟ್ಟರೆ ಪ್ರತಿ ಸಲವೂ ಪೂರ್ತಿ ಬೆಲೆಯೇ ಹೋಗುತ್ತದೆ.

ಲೆಕ್ಕಪತ್ರ ಮತ್ತು ಕಾನೂನು

ಇಲ್ಲಿ ಎಡವುವವರು ಬಹಳ, ಆದ್ದರಿಂದ ನಿಧಾನವಾಗಿ ಓದಿ. ಶಿರಸಿಯಲ್ಲಿ ಒಂದು ಅಂಗಡಿ ಮೇ ತಿಂಗಳ ಕೊನೆಯಿಂದ ಮಳೆಗಾಲ ಮುಗಿಯುವವರೆಗೆ 1,000 ರೇನ್‌ಕೋಟು ಮಾರಿತು, ಒಂದು ವರ್ಷದೊಳಗೆ ಹೊಲಿಗೆ ಬಿಟ್ಟರೆ ಹೊಸದು ಕೊಡುವ ಗ್ಯಾರಂಟಿಯೊಂದಿಗೆ ಎಂದು ಊಹಿಸಿಕೊಳ್ಳೋಣ. ಹಿಂದಿನ ಅನುಭವದಂತೆ ನೂರಕ್ಕೆ ನಾಲ್ಕು ವಾಪಸ್ ಬರುತ್ತವೆ, ಒಂದರ ಅಸಲು 600 ರೂಪಾಯಿ. ಆಗ 40 × 600 = 24,000 ರೂಪಾಯಿಯನ್ನು ಮಾರಾಟವಾದ ವರ್ಷವೇ ಖರ್ಚೆಂದು ತೋರಿಸಿ ಅಷ್ಟಕ್ಕೆ ‘ಅವಕಾಶ’ (ಪ್ರಾವಿಷನ್, ಅಂದರೆ ಮುಂದೆ ತೆರಬೇಕಾದ ಹೊಣೆಗೆಂದು ಲೆಕ್ಕದಲ್ಲಿ ತೋರಿಸುವ ಮೊತ್ತ) ಕಲ್ಪಿಸಬೇಕು. ಇಂಥ ಅವಕಾಶಕ್ಕೆ ಲೆಕ್ಕಪತ್ರ ಮಾನದಂಡ 29 (AS 29) ಕೇಳುವ ಮೂರೂ ಷರತ್ತು ಇಲ್ಲಿವೆ: ಹೊಣೆ ಹಿಂದಿನ ಘಟನೆಯಿಂದ ಬಂದದ್ದು, ಹಣ ಹೊರಹೋಗುವುದು ಸಂಭವನೀಯ, ಮೊತ್ತವನ್ನು ನಂಬಲರ್ಹವಾಗಿ ಅಂದಾಜಿಸಬಹುದು. ಈಗ ‘ಒಂದು ವರ್ಷ’ ಎಂಬುದನ್ನು ಅಳಿಸಿ ‘ಎಂದೆಂದಿಗೂ’ ಎಂದು ಬರೆದು ನೋಡಿ. ಮೂರನೆಯ ಷರತ್ತು ಅಲುಗಾಡತೊಡಗುತ್ತದೆ. ಬೀನ್ ಕಂಪನಿಯ ತೊಡಕನ್ನು ನಮ್ಮ ಪಠ್ಯದ ಭಾಷೆಯಲ್ಲಿ ಹೇಳುವುದಾದರೆ ಇದೇ.

ಕಾನೂನಿನ ಕಡೆಯಿಂದ ಎರಡು ಮಾತು. ಸರಕು ಸವೆಯುವವರೆಗೆ ಮಾರಾಟ ಮುಗಿಯಲಿಲ್ಲ ಎಂಬ ಬೀನ್‌ನ ಹೇಳಿಕೆ ವ್ಯಾಪಾರದ ಭರವಸೆಯೇ ಹೊರತು ಒಡೆತನ ವರ್ಗಾವಣೆಯ ನಿಯಮವಲ್ಲ. 1930ರ ಸರಕು ಮಾರಾಟ ಕಾಯ್ದೆಯ 24ನೇ ಕಲಮಿನ ‘ಒಪ್ಪಿಗೆಯ ಮೇಲಿನ ಮಾರಾಟ’ ಬೇರೆ. ಅಲ್ಲಿ ಕೊಳ್ಳುವವನು ಒಪ್ಪುವವರೆಗೆ ಅಥವಾ ಅವಧಿ ಮೀರುವವರೆಗೆ ಒಡೆತನ ದಾಟುವುದೇ ಇಲ್ಲ. ಎರಡನ್ನೂ ಬೆರೆಸಿ ಬರೆದರೆ ಅಂಕ ಹೋಗುತ್ತದೆ.

ಇನ್ನೊಂದು, ನಮ್ಮ ಊರುಗಳ ಬಿಲ್ಲಿನ ಕೆಳಗೆ ಇಂದಿಗೂ ಕಾಣುವ ‘ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಸಾಲು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನದೊಳಗೆ ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಣ್ಣ ಇಷ್ಟವಾಗಲಿಲ್ಲ ಎಂದು ಹಿಂದಿರುಗಿಸುವ ಹಕ್ಕನ್ನು ಈ ನಿಯಮ ಕೊಡುವುದಿಲ್ಲ. ಹೊಲಿಗೆ ಬಿಟ್ಟರೆ ಕೇಳುವ ಹಕ್ಕನ್ನು ಕೊಡುತ್ತದೆ.

ಮುಂದಿನ ಸಲ ಕೂಡುವಾಗ ಪ್ರತಿಯೊಬ್ಬರೂ ಮನೆಯಲ್ಲಿರುವ ಮೂರು ಬಿಲ್ಲುಗಳನ್ನು ತನ್ನಿ: ಒಂದು ಬಟ್ಟೆಯದು, ಒಂದು ಪಾದರಕ್ಷೆಯದು, ಒಂದು ಛತ್ರಿ ಅಥವಾ ರೇನ್‌ಕೋಟಿನದು. ಅವುಗಳ ಹಿಂದೆ ಮುಂದೆ ಅಚ್ಚಾದ ಷರತ್ತುಗಳಲ್ಲಿ ಯಾವುದು ಕಾನೂನಿಗೆ ನಿಲ್ಲುತ್ತದೆ, ಯಾವುದಕ್ಕೆ ಅಂಗಡಿಯವರು ಲೆಕ್ಕದಲ್ಲಿ ಅವಕಾಶ ಕಲ್ಪಿಸಬೇಕು ಎಂದು ಪಕ್ಕದಲ್ಲೇ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡು ಬನ್ನಿ.